ತೊಂಬತ್ತು ಪರ್ಸೆಂಟ್ ಕಡಿತದಲ್ಲಿ ಒಂದು ನಿದ್ದೆ

ಮಣ್ಣಗುಡ್ಡ, ಮಂಗಳೂರು
9 ಫೆಬ್ರವರಿ 2025

ಶರೊನ್,

ನಿನ್ನ ಮೇಲ್‌ಗೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ಪ್ರತಿ ಸಲವೂ ನಿನ್ನ ಹೆಸರು ಬರೆದು ಕಾಮಾ ಹಾಕುವಷ್ಟರಲ್ಲಿ ತೊಟ್ಟಿಲಲ್ಲಿ ಮೋಕ್ಷಾ ಏಳುತ್ತಾಳೆ. ಡ್ರಾಫ್ಟ್‌ಗಳ ತುಂಬ ಈಗ ಬರೀ ‘ಶರೊನ್,’ ‘ಶರೊನ್,’ ಎಂದೇ ಉಂಟು. ಗೌರವ್ ಕಣ್ಣಿಗೆ ಬಿದ್ದರೆ ಯಾವನೋ ಹುಡುಗನ ಹೆಸರೆಂದುಕೊಂಡು ಡೈವೋರ್ಸ್ ಕೊಟ್ಟಾರು.

ಇನ್ನೊಂದು ಕಂಪ್ಯೂಟರ್ ಆಟ ಮಾಡುವ, ಡೈಲಾಗ್ ಬರೆಯುತ್ತೀಯಾ ಎಂದು ಕೇಳಿದ್ದೀ. ಬಿ.ಸಿ.ಎ. ಕೊನೆಯ ವರ್ಷ ಮಾಡಿದ ಆ ‘ಚಿಲ್ಲರೆ ಉಂಟಾ?’ ನೆನಪಾಗಿ ಒಬ್ಬಳೇ ನಕ್ಕೆ. ಕಂಡಕ್ಟರನಿಗೆ ಕೊಡಲು ಚಿಲ್ಲರೆಗಾಗಿ ಒಬ್ಬ ಪಾಪದವನು ಇಡೀ ಹಂಪನಕಟ್ಟೆ ಸುತ್ತುವುದು. ಆಡುವವರು ಅಂಗಡಿ, ನಾಯಿ, ಲಾಟರಿ ಬೋರ್ಡು, ಯಾವುದರ ಮೇಲೆ ಕ್ಲಿಕ್ ಮಾಡಿದರೂ ಅದು ತಿರುಗಿ ಒಂದು ಮಾತು ಹೇಳುವುದು. ಚಿತ್ರ, ಪ್ರೋಗ್ರಾಂ ನಿನ್ನದು, ಬಾಯಿ ನನ್ನದು. ನಿನಗೆ ಕೊಂಕಣಿ, ನನಗೆ ತುಳು, ಇಬ್ಬರ ಜಗಳಕ್ಕೆ ಮಾತ್ರ ಕನ್ನಡ.

ಆದರೆ ಈಗ ಆ ಬಾಯಿ ಇಲ್ಲ ಮಾರಾಯ್ತಿ. ನಿದ್ದೆ ಇಲ್ಲದವಳಿಗೆ ತಮಾಷೆ ಹುಟ್ಟುವುದಿಲ್ಲ. ಮೋಕ್ಷಾಳಿಗೆ ನಾಲ್ಕು ತಿಂಗಳು ತುಂಬಿತು. ಹಾಲು ಕುಡಿದು ಕಣ್ಣು ಮುಚ್ಚುತ್ತಾಳೆ, ನಾನು ತಲೆಯನ್ನು ದಿಂಬಿಗೆ ಇಟ್ಟ ಸದ್ದಿಗೆ ತೆರೆಯುತ್ತಾಳೆ. ಗೌರವ್ ಹೋಟೆಲು ಮುಚ್ಚಿ ಬರುವಾಗ ತಡ. ಬಂದವರು ಇನ್ನೊಂದು ಕೋಣೆಯಲ್ಲಿ ಮಲಗುತ್ತಾರೆ. ನಿನ್ನೆ ಮಧ್ಯಾಹ್ನ ಸುಮ್ಮನೆ ಮಂಚದ ಅಂಚಿಗೆ ಕೂತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, “ನಾವು ನಾಲ್ಕು ಹೆತ್ತೆವು. ನಿದ್ದೆ ಅಂತ ಒಂದು ಸಾಮಾನು ಉಂಟೆಂದೇ ಗೊತ್ತಿರಲಿಲ್ಲ ನಮಗೆ” ಎಂದರು. ಅವರ ತುಳುವಿನ ಖಾರ ನನ್ನ ಕನ್ನಡಕ್ಕೆ ಬರುವುದಿಲ್ಲ.

ವಾಟ್ಸಾಪ್‌ನಲ್ಲಿ ಇದೆಲ್ಲ ಕೇಳಬೇಡ. ನನ್ನ ಫೋನು ಈ ಮನೆಯಲ್ಲಿ ಸಾರ್ವಜನಿಕ ನಳ್ಳಿ. ಮೇಲ್ ಯಾರೂ ನೋಡುವುದಿಲ್ಲ.

ಎದ್ದಳು. ಬರ್ತೇನೆ.

ಸಂಚಿತಾ


ಮಸ್ಕತ್
14 ಫೆಬ್ರವರಿ 2025

ಸಂಚಿ,

ಬಾಯಿ ಇಲ್ಲ ಅಂತ ಬರೆದ ಆ ಮೇಲ್‌ನಲ್ಲೇ ನಮ್ಮ ಆಟ ಉಂಟಲ್ಲ! ‘ನಿದ್ದೆ ಅಂತ ಒಂದು ಸಾಮಾನು.’ ಜ್ಯೂಸ್ ಮೂಗಿಗೆ ಹತ್ತಿತು ನನಗೆ.

ಕೇಳು. ಆಟದ ಹೆಸರು ‘ಒಂದು ನಿದ್ದೆ’. ಒಂದು ಮನೆ, ಒಬ್ಬಳು ತಾಯಿ, ಒಂದು ತೊಟ್ಟಿಲು. ಅವಳಿಗೆ ಬೇಕಾದದ್ದು ಒಂದೇ ಒಂದು ನಿದ್ದೆ. ಯಾವುದರ ಮೇಲೆ ಕ್ಲಿಕ್ ಮಾಡಿದರೂ ಅತ್ತೆ ಪ್ರತ್ಯಕ್ಷ. ತಾಯಿ ಮಾತಾಡುವುದೇ ಇಲ್ಲ, ಬರೀ ಮುಖ. ಅತ್ತೆಯ ಧ್ವನಿ ನಾನೇ ಕೊಡುತ್ತೇನೆ; ನಮ್ಮ ಪಕ್ಕದ ಮನೆಯ ಮಟಿಲ್ಡಾ ಆಂಟಿಯನ್ನು ನೆನೆಸಿಕೊಂಡರೆ ಸಾಕು.

ನೀನು ಹೊಸದೇನೂ ಬರೆಯುವುದು ಬೇಡ. ಮನೆಯಲ್ಲಿ ನಡೆದದ್ದನ್ನು ನನಗೆ ಬರೆ, ಅಷ್ಟೇ. ಏಪ್ರಿಲಿನಲ್ಲಿ ಆನ್‌ಲೈನ್ ಆಟದ ಅಂಗಡಿಯಲ್ಲಿ ಪೂರ್ತಿ ಕ್ರಯಕ್ಕೆ ಬಿಡುವುದು, ಜೂನ್ ಕೊನೆಗೆ ದೊಡ್ಡ ಸೇಲ್‌ನಲ್ಲಿ ತೊಂಬತ್ತು ಪರ್ಸೆಂಟ್ ಕಡಿತ. ಇಂಥ ತಮಾಷೆಯ ಆಟಕ್ಕೆ ಪೂರ್ತಿ ಕ್ರಯ ಅಂದರೆ ಷೋಕೇಸಿನ ಸೀರೆ. ಜನ ಒಳಗೆ ಬರುವುದು ಕಡಿತದ ಬೋರ್ಡು ಕಂಡ ಮೇಲೆಯೇ.

ಆಟದಿಂದ ಹೊರಬರಲು ಒತ್ತುವ ಗುಂಡಿಗೆ ‘ಬಿಟ್ಟು ಹೋಗು’ ಅಂತ ಹಾಕಲಾ?

ಇಲ್ಲಿ ಎಲ್ಲ ಆರಾಮ. ಆಫೀಸಿನಲ್ಲಿ ಕೆಲಸ ಭರ್ತಿ.

ಶರೊನ್


ಮಣ್ಣಗುಡ್ಡ
27 ಫೆಬ್ರವರಿ 2025

ಶರೊನ್,

‘ಹೋಗು’ ಅಂತ ಹಾಕಿದರೆ ನಾನು ಈ ಆಟದಲ್ಲಿ ಇಲ್ಲ. ಮನೆ ಬಿಡುವಾಗ ಯಾರಾದರೂ ಹಾಗೆ ಹೇಳುತ್ತಾರಾ? ಮೊನ್ನೆ ಹಾಲಿನವನು ಬಾಯಿ ತಪ್ಪಿ “ಪೋಪೆ ಅಕ್ಕ” ಎಂದದ್ದಕ್ಕೆ ಅತ್ತೆ ಅವನನ್ನು ಗೇಟಿನಿಂದ ವಾಪಸು ಕರೆದು, “ಹೋಗ್ತೇನೆ ಅಂತ ಹೆಣ ಹೇಳಬೇಕು. ನೀನು ಸರಿಯಾಗಿ ಹೇಳು” ಎಂದು ‘ಪೋದು ಬರ್ಪೆ’ ಹೇಳಿಸಿ ಕಳಿಸಿದರು. ಹೋಗಿ ಬರ್ತೇನೆ ಎನ್ನಬೇಕು. ನಿಮ್ಮ ಕೊಂಕಣಿಯಲ್ಲೂ ಹಾಗೆಯೇ ಅಲ್ಲವಾ, ಹೊರಡುವವರು ‘ಯೆತಾಂ’, ಬರ್ತೇನೆ, ಎನ್ನುವುದು? ಗುಂಡಿಗೆ ‘ಪೋದು ಬರ್ಪೆ’ ಎಂದೇ ಇಡು. ನನ್ನ ಧ್ವನಿಯಲ್ಲೇ ಹೇಳಿ ಇದರ ಜೊತೆ ಕಳಿಸಿದ್ದೇನೆ. ಹಿಂದೆ ಕುಕ್ಕರ್ ಕೂಗಿದ್ದು ಬೇಕಾದರೆ ತೆಗಿ.

ಈಗ ಅತ್ತೆಯ ಭಂಡಾರ:

ಫ್ರಿಜ್ ತೆರೆದರೆ, “ಕುಡಿ, ತಣ್ಣಗಿನದ್ದೇ ಕುಡಿ. ಬಾಲೆಗೆ ಶೀತವಾದರೆ ಆಸ್ಪತ್ರೆಗೆ ಓಡಲಿಕ್ಕೆ ನಾವಿದ್ದೇವಲ್ಲ.”

ಮಂಚ: “ಹಗಲು ಮಂಚಕ್ಕೆ ಎಂತ ಕೆಲಸ? ಅದಕ್ಕೂ ರೆಸ್ಟ್ ಬೇಡವಾ?”

ಗೋಡೆಯ ಮೇಲಿನ ನನ್ನ ಡಿಗ್ರಿ ಫೋಟೋ: “ಕಾಲೇಜು ಕಲಿತದ್ದಂತೆ. ಅಲ್ಲಿ ಬಾಲೆಗೆ ಲಂಗೋಟಿ ಕಟ್ಟಲಿಕ್ಕೆ ಪಾಠ ಇರಲಿಲ್ಲವೋ, ಇವಳಿಗೆ ಆವತ್ತು ರಜೆಯೋ.”

ಕುಕ್ಕರ್: “ಮೂರು ಸೀಟಿಗೆ ಬೇಯುವ ಕುಚ್ಚಲಕ್ಕಿ ಯಾವ ಊರಿನದ್ದು? ಹೇಳು, ನಾವೂ ತರಿಸುವ.”

ಕನ್ನಡಿ: “ನೋಡಿಕೋ, ನೋಡಿಕೋ. ಬಾಲೆ ಹೇಗೂ ಒಂದು ದಿನ ನಿನ್ನ ಹಾಗೆಯೇ ಆಗ್ತದೆ. ಆಗ ಗೊತ್ತಾಗ್ತದೆ.”

ಇದರಲ್ಲಿ ಒಂದು ನಾನೇ ಹುಟ್ಟಿಸಿದ್ದು. ಯಾವುದೆಂದು ಹೇಳುವುದಿಲ್ಲ. ಬರೆಯುವಾಗ ಎಷ್ಟು ಖುಷಿಯಾಯಿತು ಗೊತ್ತುಂಟಾ? ಈಗ ಅತ್ತೆ ಬಾಯಿ ತೆರೆದರೆ ನನಗೆ ಅಳು ಬರುವುದಿಲ್ಲ. ಮನಸ್ಸಿನಲ್ಲೇ ಕಾಪಿ ಮಾಡಿಕೊಳ್ಳುತ್ತೇನೆ. ಪಾಪ, ಬೆಳಿಗ್ಗೆ ಮೋಕ್ಷಾಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುವಾಗ ಅದೇ ಬಾಯಿಯಿಂದ ಎಂಥ ಜೋಗುಳ ಬರುತ್ತದೆ. ಅದನ್ನು ನಿನಗೆ ಕಳಿಸುವುದಿಲ್ಲ. ಅದರಲ್ಲಿ ತಮಾಷೆ ಇಲ್ಲ.

ಬರ್ತೇನೆ.

ಸಂಚಿತಾ


ಮಸ್ಕತ್
28 ಫೆಬ್ರವರಿ 2025

ಸಂಚಿ,

ಕನ್ನಡಿಯದ್ದು ನೀನು ಹುಟ್ಟಿಸಿದ್ದು. ಹೌದಾ ಅಲ್ಲವಾ? ಅದು ಅತ್ತೆಯ ಬಾಯಿಯ ಮಾತಲ್ಲ, ಅತ್ತೆಗೆ ಹೆದರಿದವಳ ಮಾತು. ಅದೇ ಎಲ್ಲದಕ್ಕಿಂತ ಒಳ್ಳೆಯದುಂಟು. ಇನ್ನೂ ಕಳಿಸು.

ಆಟಕ್ಕೆ ಕೊನೆ ಮಾತ್ರ ಸಿಗುತ್ತಿಲ್ಲ. ಅವಳಿಗೆ ನಿದ್ದೆ ಸಿಗುವುದು ಹೇಗೆ? ಯೋಚಿಸು.

ಶರೊನ್


ಮಣ್ಣಗುಡ್ಡ
19 ಮಾರ್ಚ್ 2025

ಶರೊನ್,

ಇದು ಆಟಕ್ಕಲ್ಲ. ಮೊದಲೇ ಹೇಳಿಬಿಡುತ್ತೇನೆ.

ಮೊನ್ನೆ ಇವರೆಲ್ಲ ಒಂದು ಮದುವೆಗೆ ಹೋಗಿದ್ದರು. ಬಾಲೆಗೆ ಬಿಸಿಲು ಆಗುವುದಿಲ್ಲವೆಂದು ನಾನು ಉಳಿದೆ. ಮೋಕ್ಷಾ ಬೆಳಿಗ್ಗೆಯಿಂದ ಅಳುತ್ತಿದ್ದಳು. ಹಾಲು ಬೇಡ, ಎತ್ತಿಕೊಂಡರೆ ಬೇಡ, ಇಳಿಸಿದರೆ ಬೇಡ. ನಾನೂ ಅಳತೊಡಗಿದೆ. ನಮ್ಮಿಬ್ಬರಲ್ಲಿ ಯಾರು ಅಳುವುದೆಂದು ಗೊತ್ತಾಗದಷ್ಟು ಹೊತ್ತು.

ಆಮೇಲೆ ಅವಳನ್ನು ತೊಟ್ಟಿಲಲ್ಲಿ ಹಾಕಿದೆ. ನಿಂತೆ. “ಪೋಪೆ ಮಗಾ” ಎಂದೆ.

ಪೋದು ಬರ್ಪೆ ಎಂದಲ್ಲ. ಬಾಯಿ ತಪ್ಪಿಯೂ ಅಲ್ಲ.

ಬಾಗಿಲು ಎಳೆದುಕೊಂಡು ಗೇಟು ದಾಟಿ ಬಸ್‌ಸ್ಟಾಪಿನವರೆಗೆ ಹೋದೆ. ಕಾಲಲ್ಲಿ ಬಾತ್‌ರೂಮಿನ ಚಪ್ಪಲಿ. ಬಸ್ಸು ಬಂತು. ಕಂಡಕ್ಟರ್ “ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್, ಹತ್ತಿ ಅಕ್ಕ, ಬೇಗ” ಎಂದ. ಒಂದು ಕಾಲು ಮೆಟ್ಟಿಲ ಮೇಲಿತ್ತು. ಅವನು ಸೀಟಿ ಊದಿದ. ಆಗ ಇಳಿದೆ. “ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ ಅಕ್ಕ” ಎಂದು ನಗುತ್ತಾ ಹೋದ.

ಓಡಿ ಬಂದೆ. ಅವಳು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಅಂಥ ನಿದ್ದೆ ನನ್ನ ತೋಳಿನಲ್ಲಿ ಯಾವತ್ತೂ ಮಾಡಿಲ್ಲ. ಆಗ ನನಗೆ ಮೊದಲು ಬಂದದ್ದು ಸಿಟ್ಟು, ಶರೊನ್. ನಾನು ಹೋದದ್ದಕ್ಕೆ ಇವಳಿಗೆ ಆರಾಮವಾಯಿತಲ್ಲ ಎಂದು.

ಗೌರವ್‌ಗೆ ಹೇಳಿಲ್ಲ. ಅತ್ತೆಗೆ ಗೊತ್ತಾದರೆ ಬಾಲೆಯನ್ನು ಮತ್ತೆ ನನ್ನ ಕೈಗೆ ಕೊಡುವುದಿಲ್ಲ. ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಎನಿಸಿ ನಿನಗೆ ಹೇಳಿದೆ. ಓದಿ ಅಳಿಸಿಬಿಡು.

ಬರ್ತೇನೆ. ನೋಡು, ಈ ಮಾತು ಬರೆದು ಈಗ ಎದ್ದು ಹೋಗಿ ತೊಟ್ಟಿಲು ಮುಟ್ಟಿ ಬಂದೆ.

ಸಂಚಿತಾ


ಮಸ್ಕತ್
28 ಮಾರ್ಚ್ 2025

ಸಂಚಿ,

ಓದಿದೆ. ಎರಡು ದಿನ ಊಟ ಸೇರಲಿಲ್ಲ. ನಿನ್ನ ಗುಟ್ಟು ನನ್ನಲ್ಲಿ ಭದ್ರ, ಹೆದರಬೇಡ. ಎಲ್ಲ ತಾಯಂದಿರಿಗೂ ಒಮ್ಮೆ ಹೀಗೆ ಆಗುತ್ತದಂತೆ. ಡಾಕ್ಟರಿಗೆ ತೋರಿಸು.

ಒಂದು ಮಾತು ಹೇಳಲಾ? ಸಿಟ್ಟು ಮಾಡಬೇಡ. ನೀನು ಇಷ್ಟು ಚೆನ್ನಾಗಿ ಯಾವತ್ತೂ ಬರೆದಿಲ್ಲ. ಆ ಕಂಡಕ್ಟರ್!

ಆಟದ ಕೆಲಸ ಮುಗಿಯುತ್ತಾ ಬಂತು. ನೀನು ಇನ್ನು ಏನೂ ಕಳಿಸಬೇಕೆಂದಿಲ್ಲ. ರೆಸ್ಟ್ ತಗೋ.

ಶರೊನ್


ಮಣ್ಣಗುಡ್ಡ
11 ಜೂನ್ 2025

ಶರೊನ್,

ಏಪ್ರಿಲಿನಲ್ಲಿ ಆಟ ಬಿಡುಗಡೆಯಾದಾಗ ನೋಡಲು ಆಗಲಿಲ್ಲ. ಮೋಕ್ಷಾಳಿಗೆ ಹಲ್ಲು ಬರುವ ಜ್ವರ. ನಿನ್ನೆ ಗೌರವ್‌ನ ಲ್ಯಾಪ್‌ಟಾಪಿನಲ್ಲಿ ಆಡಿದೆ.

ಮೊದಲು ನಕ್ಕೆ, ಸುಳ್ಳು ಹೇಳುವುದಿಲ್ಲ. ಫ್ರಿಜ್ಜಿಗೆ ನಕ್ಕೆ, ಕುಕ್ಕರಿಗೆ ನಕ್ಕೆ. ‘ತೊಟ್ಟಿಲು’ ಎಂಬುದನ್ನು ‘ತೊಟಿಲು’ ಎಂದು ಬರೆದದ್ದಕ್ಕೂ ನಕ್ಕೆ. ಏನು ಮಾಡಿದರೂ ಆ ತಾಯಿಗೆ ನಿದ್ದೆ ಸಿಗುವುದಿಲ್ಲ. ದಿಂಬು, ಕಿವಿಗೆ ಹತ್ತಿ, ಜೋಗುಳ, ಎಲ್ಲವೂ ಸೋಲು. ಕೊನೆಗೆ ಸುಮ್ಮನೆ ಗೇಟಿನ ಮೇಲೆ ಕ್ಲಿಕ್ ಮಾಡಿದೆ.

ನನ್ನ ಧ್ವನಿ ಬಂತು. “ಪೋಪೆ.”

ಬಸ್ಸು. ಕಂಡಕ್ಟರ್. ‘ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ ಅಕ್ಕ.’ ಅವಳು ಹತ್ತುತ್ತಾಳೆ. ಪರದೆ ಕಪ್ಪು. ‘ಬಾಲೆ ಮಲಗಿತು. ನೀವು ಗೆದ್ದಿರಿ.’

ಈ ಆಟವನ್ನು ಗೆಲ್ಲಲು ಅದೊಂದೇ ದಾರಿ, ಅಲ್ಲವಾ? ಇಡೀ ಆಟದಲ್ಲಿ ತಾಯಿ ಬಾಯಿ ತೆರೆಯುವುದು ಅಲ್ಲಿ ಮಾತ್ರ.

ನಾನು ಕಳಿಸಿದ್ದು ‘ಪೋದು ಬರ್ಪೆ’. ನೀನು ನಡುವಿನ ‘ದು ಬರ್’ ಕತ್ತರಿಸಿ ಎಸೆದಿದ್ದೀ. ಬರುವುದನ್ನು ಕತ್ತರಿಸಿದೆ, ಹೋಗುವುದನ್ನು ಉಳಿಸಿದೆ. ಹಿಂದೆ ಕುಕ್ಕರಿನ ಕೂಗು ಈಗಲೂ ಕೇಳುತ್ತದೆ.

ಸೇಲ್ ಶುರುವಾಗುವ ಮೊದಲು ಅದನ್ನು ತೆಗೆ. ಈಗ ಯಾರೂ ಕೊಂಡಿಲ್ಲ, ಒಪ್ಪುತ್ತೇನೆ. ಆದರೆ ಕಡಿತ ಬಂದರೆ ಕೊಳ್ಳುತ್ತಾರೆ ಎಂದು ನೀನೇ ಹೇಳಿದವಳು. ನನ್ನ ಹೆಸರು ಬೇಕಾದರೆ ಇರಲಿ, ಬೇಡವಾದರೆ ಹೋಗಲಿ. ಆ ಒಂದು ಮಾತು ಇರಬಾರದು. ನನ್ನ ಬಾಲೆ ನನ್ನ ಮಡಿಲಲ್ಲಿ ಉಳಿಯುವುದು ಈಗ ನಿನ್ನ ಕೈಯಲ್ಲಿ ಉಂಟು. ಕೈ ಮುಗಿಯುತ್ತೇನೆ.

ಸಂಚಿತಾ


ಮಸ್ಕತ್
13 ಜೂನ್ 2025

ಸಂಚಿ,

ಎಂಥ ಮಾರಾಯ್ತಿ, ಇಷ್ಟು ಹೆದರುವುದಾ? ಅದು ನೀನೆಂದು ಯಾರಿಗೆ ಗೊತ್ತಾಗುತ್ತದೆ? ಒಂದು ಶಬ್ದ. ಅಲ್ಲಿ ಜನ ನಗುತ್ತಾರೆ, ಅಷ್ಟೇ. ನಿನ್ನ ಅತ್ತೆ ಕಂಪ್ಯೂಟರ್ ಆಟ ಆಡುತ್ತಾರಾ?

ಮತ್ತೆ, ಈಗ ತೆಗೆಯಲು ಆಗುವುದಿಲ್ಲ. ಸೇಲ್‌ಗೆ ಹೆಸರು ಕೊಟ್ಟ ಮೇಲೆ ಮುಗಿಯುವವರೆಗೆ ಆಟಕ್ಕೆ ಕೈ ಹಾಕುವಂತಿಲ್ಲ, ಅಂಗಡಿಯವರ ನಿಯಮ. ಮುಗಿದ ಮೇಲೆ ನೋಡುವ.

ನಿಜ ಹೇಳು, ಕೊನೆ ಚೆನ್ನಾಗಿಲ್ಲವಾ?

ಶರೊನ್


ಮಸ್ಕತ್
4 ಜುಲೈ 2025

ಸಂಚೀ!

ಎಲ್ಲಿದ್ದೀ? ಸಿಟ್ಟು ಇನ್ನೂ ಇಳಿಯಲಿಲ್ಲವಾ? ಸುದ್ದಿ ಕೇಳಿದರೆ ಇಳಿಯುತ್ತದೆ.

ತೊಂಬತ್ತು ಪರ್ಸೆಂಟ್ ಕಡಿತ ಎಂದು ಬೋರ್ಡು ಬಿದ್ದದ್ದೇ ಬಿದ್ದದ್ದು, ‘ಒಂದು ನಿದ್ದೆ’ಯನ್ನು ಜನ ಮೀನಿನ ಮಾರ್ಕೆಟ್ಟಿನ ಹಾಗೆ ಮುಗಿಬಿದ್ದು ಕೊಂಡರು. ಉಡುಪಿಯ ಯಾರೋ ಇಬ್ಬರು ಆಡುತ್ತಾ ವಿಡಿಯೊ ಮಾಡಿ ಹಾಕಿದ್ದಾರೆ. ಗೇಟಿನ ಸೀನ್ ಬಂದಾಗ ಒಬ್ಬ ಕುರ್ಚಿಯಿಂದಲೇ ಬಿದ್ದ. ಈಗ ಮಂಗಳೂರಿನ ಹುಡುಗರು ಆಫೀಸಿನಿಂದ ಹೊರಡುವಾಗ “ಪೋಪೆ” ಎಂದು ನಿನ್ನ ಧಾಟಿಯಲ್ಲೇ ಹೇಳುತ್ತಾರಂತೆ! ನೀನು ಫೇಮಸ್ಸು ಮಾರಾಯ್ತಿ, ಆದರೆ ಯಾರಿಗೂ ಗೊತ್ತಿಲ್ಲ. ನಿನಗೆ ಬೇಕಾದದ್ದೂ ಅದೇ ಅಲ್ಲವಾ?

ಉತ್ತರ ಬರಿ. ಮೋಕ್ಷಾಳಿಗೆ ಮುತ್ತು.

ಶರೊನ್


ಮಣ್ಣಗುಡ್ಡ
16 ಜುಲೈ 2025

ಶರೊನ್,

ಮುತ್ತು ಕೊಡಲು ಮೋಕ್ಷಾ ಇಲ್ಲಿಲ್ಲ. ಹೇಗೆಂದು ಕೇಳು.

ಸೇಲ್‌ನ ಮೊದಲ ಭಾನುವಾರ ನಾದಿನಿ ಅಕ್ಷಿತಾ ಗಂಡನ ಜೊತೆ ಊಟಕ್ಕೆ ಬಂದಿದ್ದಳು. ಗಂಡ ದೀಪೇಶ್, ಬೈಕಂಪಾಡಿಯಲ್ಲಿ ವರ್ಕ್‌ಶಾಪ್ ಇರುವವರು, ಮನೆ ಕುಳಾಯಿಯಲ್ಲಿ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಕೋಳಿ ಊಟ ಆಗಿ ಎಲ್ಲರೂ ಹಾಲ್‌ನಲ್ಲಿ ಬಿದ್ದುಕೊಂಡಿದ್ದಾಗ ಗೌರವ್ ನನಗೆ ಆಶ್ಚರ್ಯ ಕೊಡಲೆಂದು ಟಿವಿಯಲ್ಲಿ ಆಟ ಹಾಕಿದರು. “ಸಂಚಿತಾ ಬರೆದದ್ದು! ಒಂದು ಚಾಯದ ಕ್ರಯಕ್ಕೆ ಸಿಕ್ಕಿತು” ಎಂದರು. ಹೆಮ್ಮೆಯಿಂದಲೇ ಹೇಳಿದ್ದು, ಪಾಪ. ನಾನು ಬೇಡ ಎಂದೆ. ನಾಚಿಕೆ ಎಂದುಕೊಂಡರು.

ಅತ್ತೆ ಹೇಗೆ ನಕ್ಕರು ಗೊತ್ತುಂಟಾ? ಸೆರಗು ಬಾಯಿಗೆ ಒತ್ತಿಕೊಂಡು. ದೀಪೇಶ್, “ಮಾಮಿ, ಇದು ನಿಮ್ಮದೇ ಡೈಲಾಗ್ ಅಲ್ವಾ?” ಎಂದು ಕಾಲೆಳೆದರು.

“ನನ್ನದಾದರೆ ಎಂತ? ಸರಿಯಾದ ಮಾತು ಯಾರದ್ದಾದರೆ ಎಂತ?” ಎಂದರು ಅತ್ತೆ. “ಈ ಮುದುಕಿ ಜೋರುಂಟು. ಆ ಹೆಣ್ಣಿಗೆ ಇನ್ನೆರಡು ಬಿಗಿಯಬೇಕಿತ್ತು. ಒತ್ತು, ಫ್ರಿಜ್ಜು ಒತ್ತು ಇನ್ನೊಮ್ಮೆ.”

ಶರೊನ್, ಆ ಹೊತ್ತಿಗೆ ನನಗೆ ಅವರ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಇಷ್ಟು ದಿನ ಬೆನ್ನ ಹಿಂದೆ ಆಡಿಕೊಂಡೆನಲ್ಲ ಎಂದು. ಮೋಕ್ಷಾ ಅವರ ತೊಡೆಯ ಮೇಲೆ ಇದ್ದಳು. ಆಗ ದೀಪೇಶ್ ಗೇಟು ಒತ್ತಿದರು.

“ಪೋಪೆ.”

ಗೌರವ್, ದೀಪೇಶ್, ಇಬ್ಬರೂ ನಕ್ಕರು. ಮೋಕ್ಷಾ ಟಿವಿಯ ಕಡೆ ತಿರುಗಿದಳು. ಅತ್ತೆ ನಗಲಿಲ್ಲ.

“ಇನ್ನೊಮ್ಮೆ ಹಾಕು.”

ಹಾಕಿದರು.

“ಯಾರಿಗೆ ಹೇಳುವುದು ಅದು? ತೊಟ್ಟಿಲಿಗಾ?”

“ಆಟ ಅಮ್ಮ” ಎಂದರು ಗೌರವ್.

“ಬಾಕಿ ಎಲ್ಲ ಆಟ. ಇದನ್ನು ಆಟಕ್ಕೆ ಬರೆಯಲಿಕ್ಕೆ ಯಾರಿಗೂ ಕೈ ಬರುವುದಿಲ್ಲ. ಇದು ಹೇಳಿದ ಮಾತು.” ನನ್ನ ಮುಖ ನೋಡಿ, ಎಂದಿನ ಖಾರವೇ ಇಲ್ಲದೆ ಕೇಳಿದರು. “ಯಾವಾಗ ಹೇಳಿದ್ದು ಸಂಚಿತಾ?”

‘ನಾನು ಹೇಳಲೇ ಇಲ್ಲ, ಗೆಳತಿ ಕತ್ತರಿಸಿ ಜೋಡಿಸಿದ್ದು’ ಎನ್ನಬಹುದಿತ್ತು. ಧ್ವನಿಯ ಮಟ್ಟಿಗೆ ಅದು ನಿಜ ಕೂಡ. ಆದರೆ ಆ ಮಾತು ಬಾಯಿಗೆ ಬರುವುದು ಒಂದು ಕ್ಷಣ ತಡವಾಯಿತು. ಅತ್ತೆಗೆ ಆ ಕ್ಷಣ ಸಾಕಾಯಿತು. ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಬಸ್ಸಿನವರೆಗೆ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಮರುದಿನ ಡಾಕ್ಟರು ನಿದ್ದೆಯ ಮಾತ್ರೆ ಬರೆದರು. ಅದನ್ನು ತೆಗೆದುಕೊಂಡರೆ ಹಾಲು ಕೊಡುವಂತಿಲ್ಲ. ಸಂಜೆ ಅತ್ತೆ ಮೋಕ್ಷಾಳ ಬಟ್ಟೆ ಮಡಚಿದರು. ಬಾಲೆಯೂ ಅವರೂ ಈಗ ಕುಳಾಯಿಯಲ್ಲಿ, ಅಕ್ಷಿತಾಳ ಮನೆಯಲ್ಲಿ. ‘ನೀನು ಹುಷಾರಾಗುವವರೆಗೆ.’ ಹುಷಾರಾದದ್ದು ಯಾರು ಹೇಳಬೇಕು, ಅದನ್ನು ಯಾರೂ ಹೇಳಿಲ್ಲ. ನಾನು ಗೌರವ್‌ನ ಅಂಗಿ ಹಿಡಿದು ಕೇಳಿದೆ. ನನ್ನ ಬೆರಳು ಒಂದೊಂದಾಗಿ ಬಿಡಿಸಿ, ಮೆಲ್ಲಗೆ, “ನಿನಗೆ ನಿದ್ದೆ ಬೇಕಿತ್ತಲ್ಲ” ಎಂದರು.

ಈಗ ಮನೆಯಲ್ಲಿ ಸದ್ದಿಲ್ಲ. ಹಗಲು ಮಂಚದ ಮೇಲೆ ಬಿದ್ದುಕೊಂಡರೂ ಕೇಳುವವರಿಲ್ಲ. ಕಣ್ಣು ಮುಚ್ಚುವುದಿಲ್ಲ. ಎದೆ ಕಲ್ಲಾಗಿ, ಹಾಲು ರವಿಕೆಯಲ್ಲೇ ಒಣಗುತ್ತದೆ.

ಇನ್ನೊಂದು. ಆವತ್ತು ಟಿವಿಯಲ್ಲಿ ‘ತೊಟ್ಟಿಲು’ ಎಂದು ಸರಿಯಾಗಿ ಬರೆದಿತ್ತು. ಜೂನ್‌ನಲ್ಲಿ ನಾನು ತೋರಿಸಿಕೊಟ್ಟ ತಪ್ಪು. ಸೇಲ್ ನಡೆಯುವಾಗ ಆಟಕ್ಕೆ ಕೈ ಹಾಕುವಂತಿಲ್ಲ ಎಂದಿದ್ದೆಯಲ್ಲ. ಒತ್ತಕ್ಷರ ಹಾಕಲು ಕೈ ಹೋಯಿತು.

ಸಂಚಿತಾ


ಮಸ್ಕತ್
1 ಆಗಸ್ಟ್ 2025

ಸಂಚಿ,

ಎಷ್ಟು ಸಲ ಬರೆದು ಅಳಿಸಿದೆನೋ. ಈಗ ಡ್ರಾಫ್ಟಿನಲ್ಲಿ ಬರೀ ನಿನ್ನ ಹೆಸರು.

ಹೌದು, ಸುಳ್ಳು ಹೇಳಿದೆ. ಅಂಥ ನಿಯಮ ಇಲ್ಲ. ಇನ್ನೂ ಒಂದು ಸುಳ್ಳು ಉಂಟು: ಆಫೀಸಿನಲ್ಲಿ ಕೆಲಸ ಭರ್ತಿ ಅಂದೆನಲ್ಲ, ಆ ಕೆಲಸ ಜನವರಿಯಲ್ಲೇ ಹೋಗಿತ್ತು. ಊರಲ್ಲಿ ಯಾರಿಗೂ ಹೇಳಿಲ್ಲ. ಈ ಆಟ ಬಿಟ್ಟರೆ ನನ್ನ ಕೈಯಲ್ಲಿ ಬೇರೇನೂ ಇರಲಿಲ್ಲ. ಆ ಕೊನೆ ತೆಗೆದರೆ ಆಟದಲ್ಲಿ ಬರೀ ಅತ್ತೆಯ ಬೈಗುಳ ಉಳಿಯುತ್ತಿತ್ತು. ಅದನ್ನು ಯಾರು ಕೊಳ್ಳುತ್ತಾರೆ? ಮನೆಮನೆಯಲ್ಲಿ ಫ್ರೀ ಸಿಗುತ್ತದೆ.

ತಮಾಷೆ ಮಾಡಬಾರದಿತ್ತು. ಸಾರಿ.

ತೆಗೆಯುತ್ತೇನೆ. ಆಣೆ. ಆದರೆ ಆಗಸ್ಟ್ ಹದಿನೈದಕ್ಕೆ ಇನ್ನೊಂದು ಕಡಿತ ಉಂಟು, ಅದು ಮುಗಿದು ಹಣ ಬಂದರೆ ವೀಸಾದ ಒಂದು ತಲೆನೋವು ಕಳೆಯುತ್ತದೆ. ಅದೊಂದು ಮುಗಿಯಲಿ. ಹೇಗೂ ಆಗುವುದು ಆಗಿಹೋಯಿತಲ್ಲ.

ನಿನ್ನ ಪತ್ರದ ಆ ಭಾಗ, ಸದ್ದಿಲ್ಲದ ಮನೆ, ಕಣ್ಣು ಮುಚ್ಚದ ತಾಯಿ, ಮುಂದಿನ ಆಟಕ್ಕೆ... ಬೇಡ. ಏನೂ ಇಲ್ಲ. ಕೇಳುವುದಿಲ್ಲ.

ಶರೊನ್


ಮಣ್ಣಗುಡ್ಡ
18 ಸೆಪ್ಟೆಂಬರ್ 2025

ಶರೊನ್,

ನಿನಗೆ ಇನ್ನು ಬರೆಯಬಾರದೆಂದು ಇದ್ದೆ. ಒಂದು ಕೆಲಸ ಆಗಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಭಾನುವಾರ ಭಾನುವಾರ ಬಸ್ಸಿನಲ್ಲಿ ಕುಳಾಯಿಗೆ ಹೋಗುತ್ತೇನೆ. ಮಧ್ಯಾಹ್ನ ಊಟ ಹಾಕುತ್ತಾರೆ, ನೆಂಟರಿಗೆ ಹಾಕಿದ ಹಾಗೆ. ಮೋಕ್ಷಾ ದಪ್ಪಗಾಗಿದ್ದಾಳೆ. ರಾತ್ರಿ ಒಂದೇ ನಿದ್ದೆಯಂತೆ. ಅಕ್ಷಿತಾ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ನಿಲ್ಲುವುದು ನೋಡಿದರೆ ಹುಟ್ಟಿನಿಂದ ಹಾಗೆಯೇ ಇದ್ದಳು ಎನ್ನಬೇಕು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಅನುಕೂಲವಿತ್ತು.

ಹೊರಡುವಾಗ ಒಂದು ಪದ್ಧತಿ ಉಂಟು. ಅತ್ತೆ ಮೋಕ್ಷಾಳನ್ನು ಎತ್ತಿಕೊಂಡು ಬಾಗಿಲಿಗೆ ಬರುತ್ತಾರೆ. ನಾನು ಎಲ್ಲರೆದುರು ಗಟ್ಟಿಯಾಗಿ “ಪೋದು ಬರ್ಪೆ ಮಗಾ” ಎನ್ನಬೇಕು. “ಕೇಳಲಿಲ್ಲ” ಎನ್ನುತ್ತಾರೆ ಅತ್ತೆ. ಇನ್ನೊಮ್ಮೆ ಹೇಳುತ್ತೇನೆ. ಹಾಲಿನವನ ಹಾಗೆ.

ಮೊದಲ ವಾರಗಳಲ್ಲಿ ಮೋಕ್ಷಾ ನನ್ನನ್ನು ಕಂಡು ಅಳುತ್ತಿದ್ದಳು. ಆಮೇಲೆ ಅದೂ ನಿಂತಿತು. ನನ್ನ ಮುಖ ನೋಡುತ್ತಾಳೆ, ನಾನು ಮಾತಾಡಿದರೆ ಮಾತ್ರ ತಲೆ ತಿರುಗಿಸಿ ಟಿವಿಯನ್ನು ನೋಡುತ್ತಾಳೆ. ಯಾಕೆಂದು ಗೊತ್ತಾಗಲಿಲ್ಲ. ಅಕ್ಷಿತಾ ಸಂಕೋಚದಿಂದ ಹೇಳಿದಳು: “ಬೇಸರ ಮಾಡಬೇಡಿ ಅತ್ತಿಗೆ. ಬಂದ ಹೊಸತಿಗೆ ಅವಳು ಯಾವುದಕ್ಕೂ ಸುಮ್ಮನಾಗ್ತಿರಲಿಲ್ಲ. ಇವರು ಆ ಆಟ ಹಾಕಿದ್ರು. ನಿಮ್ಮ ಸ್ವರ ಬಂದ ಕೂಡಲೇ ಸುಮ್ಮನಾದಳು. ಈಗಲೂ ಹಟ ಮಾಡಿದರೆ ಅದೇ ಹಾಕುವುದು. ಗೇಟು ಒತ್ತುವುದು, ಒತ್ತುವುದು. ಅಮ್ಮನಿಗೆ ಸರಿ ಬರುವುದಿಲ್ಲ, ಆದರೂ ಬಾಲೆ ಅಳುವುದು ಕೇಳಲಿಕ್ಕಾಗುವುದಿಲ್ಲ ಅಲ್ವಾ?”

ಆಟದಿಂದ ಹೊರಬರುವ ಗುಂಡಿಯಲ್ಲಿ ನಾನು ‘ಪೋದು ಬರ್ಪೆ’ ಎನ್ನುವುದನ್ನು ಅವಳು ಕೇಳಿಯೇ ಇಲ್ಲ. ಅವರು ಆಟದಿಂದ ಹೊರಗೆ ಬರುವುದಿಲ್ಲ. ಟಿವಿಯ ಸ್ವಿಚ್ಚೇ ಆರಿಸುತ್ತಾರೆ.

ಕಳೆದ ಭಾನುವಾರ ನಾನು ಚಪ್ಪಲಿ ಮೆಟ್ಟಿದೆ. ಅತ್ತೆ ಅವಳನ್ನು ಎತ್ತಿಕೊಂಡು ಬಂದರು. ನಾನು ಬಾಯಿ ತೆರೆಯುವ ಮೊದಲೇ ಮೋಕ್ಷಾ ನನ್ನ ಮುಖ ನೋಡಿ, ಕೈ ಚಾಚಿ, ಸ್ಪಷ್ಟವಾಗಿ ಹೇಳಿದಳು:

“ಪೋ-ಪೆ.”

ಅವಳ ಮೊದಲ ಮಾತು. ಅಕ್ಷಿತಾ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದಳು. ಅತ್ತೆ ಬಾಲೆಯ ಬಾಯಿ ಮುಚ್ಚಲಿಲ್ಲ, ನನ್ನಿಂದ ಇನ್ನೇನೂ ಹೇಳಿಸಲೂ ಇಲ್ಲ. ಒಳಗೆ ಹೋದರು. ಬಸ್ಸಿನಲ್ಲಿ ಕೂತು ಬೈಕಂಪಾಡಿ ದಾಟಿದ ಮೇಲೆ ನನಗೆ ಹೊಳೆದದ್ದು, ಅವಳಿಗೆ ಆ ಮಾತಿನ ಅರ್ಥ ‘ಹೋಗ್ತೇನೆ’ ಅಲ್ಲ ಶರೊನ್. ಅದು ನನ್ನ ಹೆಸರು. ಬೇರೆ ಮಕ್ಕಳು ಅಮ್ಮ ಎನ್ನುವ ಕಡೆ ಇವಳು ಪೋಪೆ ಎನ್ನುತ್ತಾಳೆ. ನನ್ನನ್ನು ಗುರುತಿಸಿದಳು. ಕೈ ಚಾಚಿದಳು.

ಹಾಗಾಗಿ, ಆ ಮಾತು ತೆಗೆಯಬೇಡ. ಜೂನ್‌ನಲ್ಲಿ ತೆಗೆ ಎಂದು ಕೈ ಮುಗಿದವಳೇ ಈಗ ಬೇಡ ಎಂದು ಕೈ ಮುಗಿಯುತ್ತಿದ್ದೇನೆ. ವಾರದಲ್ಲಿ ಒಂದು ದಿನ ನಾನು ಅವಳಿಗೆ ಸಿಗುವುದು. ಬಾಕಿ ದಿನವೆಲ್ಲ ಅವಳ ಹತ್ತಿರ ನಾನಾಗಿ ಇರುವುದು ಅದೊಂದೇ. ಅದು ಹೋದರೆ ನಾನು ಯಾರೆಂದು ಅವಳಿಗೆ ಹೇಳುವವರು ಆ ಮನೆಯಲ್ಲಿ ಯಾರೂ ಇಲ್ಲ. ಬೇಕಾದಷ್ಟು ಕಡಿತ ಹಾಕು, ಬೇಕಾದವರಿಗೆ ಮಾರು, ಊರೆಲ್ಲ ನಗಲಿ. ಅದು ಇರಲಿ.

ಓದಿದ ಕೂಡಲೇ ‘ಸರಿ’ ಎಂದು ಒಂದು ಸಾಲು ಬರೆ. ಕಾಯುತ್ತಿರುತ್ತೇನೆ.

ಬರ್ತೇನೆ.

ಸಂಚಿತಾ


ಮಸ್ಕತ್
19 ಸೆಪ್ಟೆಂಬರ್ 2025

ಸಂಚಿ,

ನಿನ್ನ ಮೇಲ್ ಬಂದದ್ದು ನೋಡಿದೆ. ಇನ್ನೂ ತೆರೆದಿಲ್ಲ, ಧೈರ್ಯ ಸಾಲದು. ಆಗಸ್ಟ್ ಹೋಗಿ ಸೆಪ್ಟೆಂಬರ್ ಬಂದರೂ ನಾನು ಕೊಟ್ಟ ಮಾತು ಉಳಿಸಿಕೊಂಡಿಲ್ಲ, ನೀನು ಬೈದಿರುತ್ತೀ. ಬೈಗುಳ ಓದುವ ಮೊದಲು ಒಂದು ಸಲವಾದರೂ ಸರಿಯಾದ ಕೆಲಸ ಮಾಡುವ ಎಂದು ಬೆಳಿಗ್ಗೆಯೇ ಕೂತೆ.

ತೆಗೆದೆ. ಗೇಟು ಒತ್ತಿದರೆ ಈಗ ಬಸ್ಸಿನ ಹಾರನ್ ಮಾತ್ರ. ಹೊರಬರುವ ಗುಂಡಿಯದ್ದನ್ನೂ ತೆಗೆದಿದ್ದೇನೆ. ಆ ಆಟದಲ್ಲಿ ನಿನ್ನ ಧ್ವನಿ ಇನ್ನು ಎಲ್ಲಿಯೂ ಇಲ್ಲ. ಮೂಲ ರೆಕಾರ್ಡಿಂಗನ್ನೂ ಅಳಿಸಿದೆ, ನನಗೇ ಮತ್ತೆ ಆಸೆಯಾಗಬಾರದೆಂದು. ಕೊಂಡವರು ಯಾರೂ ಏನೂ ಮಾಡಬೇಕಾಗಿಲ್ಲ, ಎಲ್ಲರ ಮನೆಯ ಟಿವಿಯಲ್ಲೂ ಅದಾಗಿಯೇ ಬದಲಾಗುತ್ತದೆ. ನೀನು ಇದನ್ನು ಓದುವಷ್ಟರಲ್ಲಿ ಆಗಿರುತ್ತದೆ.

ಇನ್ನಾದರೂ ಒಂದು ಒಳ್ಳೆಯ ನಿದ್ದೆ ಮಾಡು, ಸಂಚಿ. ಈಗ ನಿನ್ನ ಮೇಲ್ ತೆರೆಯುತ್ತೇನೆ.

ಬರ್ತೇನೆ.

ಶರೊನ್